ಪಾರ್ಕು ಯಾರದ್ದು, ನೀರು ಹಾಕೋರು ಯಾರು?

ಈ ತಿಂಗಳು ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪಾರ್ಕಿನ ಬಗ್ಗೆಯೇ ಇದ್ದವು, ಬಹುಪಾಲು ಬೆಂಗಳೂರಿನಿಂದ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಹೆಸರು ಹಾಕಬೇಡಿ ಅಂತ ಕೆಲವರು ಕೇಳಿದ್ದಾರೆ. ಯಾರದ್ದೂ ಹಾಕಿಲ್ಲ.

ಪ್ರಶ್ನೆ: ನಮ್ಮ ಬಡಾವಣೆ ಪಾರ್ಕಿನ ಗೇಟ್ ಕಿತ್ತುಹೋಗಿದೆ. ದೀಪ ಉರಿಯುತ್ತಿಲ್ಲ. ಒಣಗಿದ ಕೊಂಬೆಯೊಂದು ಮಕ್ಕಳ ಉಯ್ಯಾಲೆ ಮೇಲೇ ನೇತಾಡುತ್ತಿದೆ. ಒಂದು ಆಫೀಸಿಗೆ ಹೋದರೆ ಇನ್ನೊಂದಕ್ಕೆ ಕಳಿಸುತ್ತಾರೆ. ಈ ಪಾರ್ಕು ನಿಜವಾಗಿ ಯಾರದ್ದು ಸಾರ್?
(ನಿವೃತ್ತ ಬ್ಯಾಂಕ್ ನೌಕರರು, ಬೆಂಗಳೂರು)

ಉತ್ತರ: ನಿಮ್ಮ ಅಲೆದಾಟಕ್ಕೆ ಕಾರಣ ಇದೆ ಸಾರ್. ಬೆಂಗಳೂರಿನಲ್ಲಿ ಎಲ್ಲ ಪಾರ್ಕಿಗೂ ಒಬ್ಬರೇ ಯಜಮಾನರಿಲ್ಲ. ಲಾಲ್‌ಬಾಗ್ ಮತ್ತು ಕಬ್ಬನ್ ಪಾರ್ಕ್ ರಾಜ್ಯ ಸರ್ಕಾರದ ತೋಟಗಾರಿಕೆ ಇಲಾಖೆಯವು. ಕಬ್ಬನ್ ಪಾರ್ಕಿನ ಒಳಗೇ ಇರುವ ಬಾಲಭವನದ ಆಡಳಿತ ಮತ್ತೆ ಬೇರೆ. ಪಕ್ಕದ ಕಂಠೀರವ ಕ್ರೀಡಾಂಗಣ ಕ್ರೀಡಾ ಇಲಾಖೆಯದ್ದು. ಬಡಾವಣೆ ಪಾರ್ಕುಗಳು ಪಾಲಿಕೆಯವು, ಆದರೆ ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಮಾಡಿದ ಬಡಾವಣೆಯಾದರೆ ಅದು ಪಾಲಿಕೆಗೆ ಹಸ್ತಾಂತರ ಆಗುವ ತನಕ ಬಿಡಿಎಯದ್ದೇ. ಖಾಸಗಿ ಬಡಾವಣೆಯಾದರೆ ಕಟ್ಟಿದವರು ಪಾರ್ಕಿನ ಜಾಗವನ್ನು ನೋಂದಣಿ ಮಾಡಿಸಿ ಬಿಟ್ಟುಕೊಡಬೇಕು. ಎಷ್ಟೋ ಕಡೆ ಸೈಟೆಲ್ಲ ಮಾರಿದ ಮೇಲೆ ಇದೊಂದು ಕೆಲಸ ಹಾಗೇ ಉಳಿದಿರುತ್ತದೆ. ಅಲ್ಲೇ ಎಲ್ಲ ತೊಡಕು ಶುರು.

ಸಾಲದ್ದಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಇಡೀ ಊರಿಗೆ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿಯೇ ಹೋಯಿತು. ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಅಂತ ಐದು ಪಾಲಿಕೆ ಬಂದವು. ಮೊದಲು ನೀವು ಯಾವುದರಲ್ಲಿದ್ದೀರಿ ಅಂತ ತಿಳಿದುಕೊಳ್ಳಿ.

ಪಾಲಿಕೆಯ ಒಳಗೂ ಕೆಲಸ ಹಂಚಿಹೋಗಿದೆ. ಗಿಡ, ಹುಲ್ಲು, ಮಾಲಿ ಇವೆಲ್ಲ ತೋಟಗಾರಿಕೆ ವಿಭಾಗ. ಗೋಡೆ, ಗೇಟ್ ಅಂದರೆ ಎಂಜಿನಿಯರ್‌ಗಳು. ದೀಪ ವಿದ್ಯುತ್ ವಿಭಾಗ. ಆ ಒಣ ಕೊಂಬೆ ಅರಣ್ಯ ವಿಭಾಗ. ನೀವು ಈ ಮೂರನ್ನೂ ಒಂದೇ ಅರ್ಜಿಯಲ್ಲಿ ಬರೆದಿದ್ದೀರಿ ಅಂತ ಕಾಣುತ್ತೆ, ಆಗ ಅದು ಮೂರೂ ಟೇಬಲ್ಲಿನಲ್ಲಿ ಸುಮ್ನೆ ಕೂತಿರುತ್ತದೆ, ಯಾಕೆಂದರೆ ಪ್ರತಿಯೊಬ್ಬರಿಗೂ ಅದರಲ್ಲಿ ತಮ್ಮದಲ್ಲದ ಎರಡು ಕೆಲಸ ಕಾಣುತ್ತವೆ. ಬೇರೆ ಬೇರೆ ಅರ್ಜಿ ಕೊಡಿ. ಪ್ರತಿಯೊಂದಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಕೊಂಬೆಯದ್ದನ್ನು ಇವತ್ತೇ ಕೊಡಿ, ಗೇಟ್ ನಾಳೆ ಕೊಟ್ಟರೂ ನಡೆಯುತ್ತೆ. ಅಲ್ಲಿ ತನಕ ಆ ಉಯ್ಯಾಲೆಗೆ ಹಗ್ಗ ಸುತ್ತಿ ಮಕ್ಕಳು ಹತ್ತದ ಹಾಗೆ ಕಟ್ಟಿಬಿಡಿ, ಅದಕ್ಕೆ ಯಾರ ಅನುಮತಿಯೂ ಬೇಡ.

ಪ್ರಶ್ನೆ: ಪಾರ್ಕಿನ ಮೂಲೆಯಲ್ಲಿ ಸಮುದಾಯ ಭವನ ಕಟ್ಟುತ್ತೇವೆ ಅಂತ ಗುದ್ದಲಿ ಪೂಜೆಗೆ ಪೆಂಡಾಲ್ ಹಾಕಿದ್ದಾರೆ. ‘ಜನರಿಗೇ ಉಪಯೋಗ ಅಲ್ವಾ’ ಅಂತಾರೆ. ನಾವು ಬೇಡ ಅಂದರೆ ನಡೆಯುತ್ತಾ?
(ಗೃಹಿಣಿ, ಬೆಂಗಳೂರು)

ಉತ್ತರ: ನಡೆಯುತ್ತೆ ಮೇಡಂ. ನಿಮ್ಮ ಹಾಗೆಯೇ ಬೇಡ ಅಂದವರು ಸುಪ್ರೀಂ ಕೋರ್ಟ್ ತನಕ ಹೋಗಿ ಗೆದ್ದಿದ್ದಾರೆ, ಅದೂ ಬೆಂಗಳೂರಿನವರೇ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನು ಒಂದು ಖಾಸಗಿ ಟ್ರಸ್ಟಿಗೆ ನರ್ಸಿಂಗ್ ಹೋಮ್ ಕಟ್ಟಲು ಕೊಟ್ಟಿದ್ದರು. ಆದೇಶ ಬಂದಿದ್ದು ಸರ್ಕಾರದ ಮೇಲ್ಮಟ್ಟದಿಂದ. ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಆಸ್ಪತ್ರೆಯೂ ಜನರಿಗೇ ಉಪಯೋಗ ತಾನೇ ಅನ್ನೋ ವಾದ ಅಲ್ಲೂ ಬಂತು. ಹೈಕೋರ್ಟಿನ ವಿಭಾಗೀಯ ಪೀಠ ಅದನ್ನು ಒಪ್ಪಲಿಲ್ಲ, 1991ರಲ್ಲಿ ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಯೋಜನೆಯಲ್ಲಿ ಪಾರ್ಕು ಅಂತ ಗುರುತಿಸಿದ ಬಯಲನ್ನು ಹೀಗೆ ಖಾಸಗಿಯವರ ಕೈಗೆ ಕೊಡುವಂತಿಲ್ಲ, ಅದನ್ನು ಪ್ರಶ್ನಿಸುವ ಹಕ್ಕು ಆ ಬಡಾವಣೆಯ ಜನರಿಗೆ ಇದೆ ಅಂತ ಹೇಳಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ವಿರುದ್ಧ ಬಿ.ಎಸ್. ಮುದ್ದಪ್ಪ ಅಂತ ಕೇಸಿನ ಹೆಸರು. ಇವತ್ತಿಗೂ ದೇಶದ ಯಾವ ಊರಲ್ಲಿ ಪಾರ್ಕಿನ ಜಗಳ ಕೋರ್ಟಿಗೆ ಹೋದರೂ ವಕೀಲರು ಇದನ್ನು ಎತ್ತುತ್ತಾರೆ.

ಕಾನೂನೂ ನಿಮ್ಮ ಕಡೆಗಿದೆ. ಪಾರ್ಕು, ಆಟದ ಮೈದಾನ, ಬಯಲು ಜಾಗ ಉಳಿಸೋಕೆ ಅಂತಲೇ 1985ರ ರಾಜ್ಯ ಕಾಯ್ದೆ ಇದೆ. ಬಿಡಿಎ ಬಡಾವಣೆಯಾದರೆ ಬಿಡಿಎ ಕಾಯ್ದೆಯ 38ಎ ಕಲಂ ನೋಡಿ, ಪಾರ್ಕಿಗೆ ಬಿಟ್ಟ ಜಾಗವನ್ನು ಬೇರೆ ಉದ್ದೇಶಕ್ಕೆ ಮಾರಿದರೆ, ಕೊಟ್ಟರೆ ಅದು ಅಸಿಂಧು ಅಂತಲೇ ಬರೆದಿದೆ.

ಆದರೆ ಒಂದು ವಿಷಯ. ಎಲ್ಲ ನಿಂತಿರೋದು ಬಡಾವಣೆ ನಕ್ಷೆಯ ಮೇಲೆ. ಅದರಲ್ಲಿ ಆ ಮೂಲೆ ‘ಪಾರ್ಕ್’ ಅಂತಿದೆಯೋ ‘ಸಿಎ ಸೈಟ್’ (ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗ) ಅಂತಿದೆಯೋ ನೋಡಿ. ಸಿಎ ಸೈಟ್ ಆಗಿದ್ದರೆ ಸಮುದಾಯ ಭವನ ಕಟ್ಟಲು ಅವಕಾಶ ಇರುತ್ತದೆ. ಆಗ ನೀವು ಮರ ನೆಟ್ಟು ಬೆಳೆಸಿದ್ದರೂ ವಾದ ಗಟ್ಟಿಯಾಗೋಲ್ಲ. ದೃಢೀಕೃತ ನಕ್ಷೆ ಕೈಗೆ ಬರುವ ತನಕ ಪೆಂಡಾಲ್ ಹತ್ತಿರ ಜಗಳಕ್ಕೆ ನಿಲ್ಲಬೇಡಿ.

ಪ್ರಶ್ನೆ: ನಮ್ಮ ಪಾರ್ಕಿಗೆ ಸಂಗೀತ ಕಾರಂಜಿ ಬಂತು, ಗ್ರಾನೈಟ್ ಕಮಾನು ಬಂತು, ಓಪನ್ ಜಿಮ್ ಬಂತು. ಈಗ ಕಾರಂಜಿಯಲ್ಲಿ ಸೊಳ್ಳೆ, ಜಿಮ್ಮಿನ ಪೆಡಲ್ ಇಲ್ಲ, ಗಿಡಗಳು ಒಣಗಿವೆ. ಅಷ್ಟು ದುಡ್ಡು ಸುರಿದವರು ಮಾಲಿಗೆ ಕೊಡೋಕೆ ದುಡ್ಡಿಲ್ಲ ಅಂದರೆ ನಂಬೋದು ಹೇಗೆ?
(ಕಾಲೇಜು ಉಪನ್ಯಾಸಕರು, ದಾವಣಗೆರೆ)

ಉತ್ತರ: ನಂಬಿ, ಅದು ನಿಜವೇ ಇರಬಹುದು. ಹೊಸದಾಗಿ ಕಟ್ಟೋ ದುಡ್ಡು ಒಂದು ಲೆಕ್ಕದಲ್ಲಿ ಬರುತ್ತದೆ, ವರ್ಷವಿಡೀ ನೋಡಿಕೊಳ್ಳೋ ದುಡ್ಡು ಇನ್ನೊಂದು ಲೆಕ್ಕದಲ್ಲಿ. ಮೊದಲನೆಯದಕ್ಕೆ ಶಾಸಕರ ಅನುದಾನ, ವಿಶೇಷ ಅನುದಾನ ಅಂತ ಹತ್ತು ದಾರಿ. ಎರಡನೆಯದಕ್ಕೆ ಪಾಲಿಕೆಯ ಬಜೆಟ್ಟೇ ಗತಿ. ಅದನ್ನು ಯಾರಾದರೂ ಒತ್ತಾಯ ಮಾಡಿ ಹೆಚ್ಚಿಸಿದ್ದನ್ನು ನಾನಂತೂ ಹೆಚ್ಚು ನೋಡಿಲ್ಲ. ಕಾರಂಜಿಗೆ ಉದ್ಘಾಟನೆಯ ಕಲ್ಲು ಇರುತ್ತೆ, ಗಿಡಕ್ಕೆ ನೀರು ಹಾಕಿದ್ದಕ್ಕೆ ಯಾರೂ ಕಲ್ಲು ನೆಡೋಲ್ಲ. ಸಾಲ ಮಾಡಿ ಮದುವೆ ಮುಗಿಸಿ, ಮಾರನೇ ದಿನ ಅಕ್ಕಿಗೆ ಕಾಸಿಲ್ಲ ಅನ್ನೋ ಮನೆಯ ಕತೆ ಇದು.

ಪಾರ್ಕಿನ ಮೇಲ್ವಿಚಾರಣೆ ಅಂದರೆ ನನ್ನ ಪ್ರಕಾರ ಮುಕ್ಕಾಲು ಭಾಗ ಮಾಲಿಯ ಮೇಲ್ವಿಚಾರಣೆ. ಪಾತಿ ಮಾಡೋದು, ಕಳೆ ಕೀಳೋದು, ಬೇಲಿ ಗಿಡ ಸವರೋದು, ಏಪ್ರಿಲ್ ಮೇನಲ್ಲಿ ನೀರು ತಪ್ಪದ ಹಾಗೆ ನೋಡೋದು, ಜೂನ್ ಮಳೆಗೆ ಸರಿಯಾಗಿ ಹೊಸ ಗಿಡ ಇಡೋದು. ಇದನ್ನೆಲ್ಲ ಮಾಡೋ ಮನುಷ್ಯ ದಿನಾ ಬಂದರೆ ಪಾರ್ಕು ಬದುಕುತ್ತೆ, ಕಮಾನು ಇದ್ದರೂ ಅಷ್ಟೇ ಇಲ್ಲದಿದ್ದರೂ ಅಷ್ಟೇ. ಈಗ ಹೆಚ್ಚಿನ ಕಡೆ ಮಾಲಿಗಳು ಕಂಟ್ರಾಕ್ಟರ್ ಕೈಕೆಳಗೆ ಇದ್ದಾರೆ. ಟೆಂಡರ್ ಕರೆದು ನಿರ್ವಹಣೆ ಗುತ್ತಿಗೆ ಕೊಡುತ್ತಾರೆ. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ. ಗುತ್ತಿಗೆ ಪತ್ರದಲ್ಲಿ ಇಷ್ಟು ಪಾರ್ಕಿಗೆ ಇಷ್ಟು ಜನ ಅಂತ ಬರೆದಿರುತ್ತೆ, ಆದರೆ ಒಬ್ಬನೇ ಮಾಲಿ ಸೈಕಲ್ ಹೊಡೆದುಕೊಂಡು ನಾಲ್ಕು ಪಾರ್ಕು ಸುತ್ತುತ್ತಿದ್ದರೆ ಆ ಉಳಿದವರ ಸಂಬಳ ಎಲ್ಲಿ ಹೋಯಿತು ಅಂತ ಯಾರು ಕೇಳಬೇಕು? ಬಿಲ್ ಪಾಸು ಮಾಡೋರು ಕೇಳಬೇಕು. ಅವರು ಕೇಳದಿದ್ದರೆ ನೀವು ಕೇಳಿ.

ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು ಅನ್ನೋ ನಿಯಮ ಇದೆ, ಆದ್ದರಿಂದ ಊರಿನ ಕಷ್ಟವೆಲ್ಲ ಬರೆಯಬೇಡಿ. ಈ ಪಾರ್ಕಿನ ನಿರ್ವಹಣೆ ಗುತ್ತಿಗೆಯ ಕಾರ್ಯಾದೇಶ, ಅದರಲ್ಲಿ ಹೇಳಿದ ಮಾಲಿಗಳ ಸಂಖ್ಯೆ, ಕಳೆದ ಮೂರು ತಿಂಗಳ ಹಾಜರಿ ಮತ್ತು ಬಿಲ್ಲಿನ ಪ್ರತಿ ಕೊಡಿ ಅನ್ನಿ, ಸಾಕು. ಆ ಕಾಗದ ಕೈಗೆ ಬಂದ ಮೇಲೆ ಮಾಲಿ ಹತ್ತಿರ ಹೋಗಿ ರೇಗಬೇಡಿ, ಪಾಪ. ಅವನಿಗೆ ಪಿಎಫ್, ಇಎಸ್‌ಐ ಕಟ್ಟುತ್ತಿದ್ದಾರಾ ಅಂತ ಕೇಳಿ ನೋಡಿ. ಅಲ್ಲಿಂದಲೇ ಬಹಳ ವಿಷಯ ಹೊರಗೆ ಬರುತ್ತೆ.

ಪ್ರಶ್ನೆ: ಕುಡಿಯೋ ನೀರು ಗಿಡಕ್ಕೆ ಹಾಕಿದರೆ ದಂಡವಂತೆ. ಹಾಗಾದರೆ ಬೇಸಿಗೆಯಲ್ಲಿ ಪಾರ್ಕು ಏನು ಮಾಡಬೇಕು?
(ನಿವಾಸಿಗಳ ಸಂಘದ ಕಾರ್ಯದರ್ಶಿ, ಬೆಂಗಳೂರು)

ಉತ್ತರ: 2024ರ ಮಾರ್ಚ್‌ನಲ್ಲಿ ಜಲಮಂಡಳಿ ಆ ಆದೇಶ ಮಾಡಿತ್ತು. ಕಾರು ತೊಳೆಯೋಕೆ, ಕಟ್ಟಡ ಕೆಲಸಕ್ಕೆ, ತೋಟಕ್ಕೆ ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ. ಆ ವರ್ಷದ ಬರ ನೋಡಿದವರು ಯಾರೂ ಅದನ್ನು ಜಾಸ್ತಿಯಾಯಿತು ಅನ್ನಲಾರರು. ದಾರಿ ಅಂದರೆ ಸಂಸ್ಕರಿಸಿದ ನೀರು. ಲಾಲ್‌ಬಾಗ್, ಕಬ್ಬನ್ ಪಾರ್ಕ್‌ಗಳಿಗೆ ಸಂಸ್ಕರಣಾ ಘಟಕದ ನೀರು ಬಳಸುತ್ತಾರೆ. ನಿಮ್ಮ ಅಕ್ಕಪಕ್ಕ ದೊಡ್ಡ ಅಪಾರ್ಟ್‌ಮೆಂಟ್ ಇದ್ದರೆ ಅವರಿಗೆ ತಮ್ಮ ಎಸ್‌ಟಿಪಿ (ಕೊಳಚೆ ನೀರು ಸಂಸ್ಕರಿಸೋ ಘಟಕ) ನೀರನ್ನು ಏನು ಮಾಡೋದು ಅನ್ನೋದೇ ಚಿಂತೆ. ಪಾಲಿಕೆಯವರನ್ನು ಕೂರಿಸಿಕೊಂಡು ಮಾತಾಡಿ, ಒಂದು ಪೈಪ್ ಎಳೆಸಿ.

ಅದಕ್ಕೂ ಮೊದಲು ಆ ಮೆಕ್ಸಿಕನ್ ಹುಲ್ಲು ಕಡಿಮೆ ಮಾಡಿ. ಪಾರ್ಕಿನ ನೀರನ್ನು ಅತಿ ಹೆಚ್ಚು ಕುಡಿಯೋದು ಅದೇ, ಮೇಲೆ ‘ಹುಲ್ಲಿನ ಮೇಲೆ ನಡೆಯಬೇಡಿ’ ಅಂತ ಬೋರ್ಡು ಬೇರೆ. ಯಾರೂ ಕೂರದ ಹುಲ್ಲು ಯಾಕೆ ಬೇಕು ಹೇಳಿ? ತರಗೆಲೆ ಗುಡಿಸಿ ಬೆಂಕಿ ಹಾಕೋದು ನಿಲ್ಲಿಸಿ, ಮರದ ಬುಡಕ್ಕೆ ಹರಡಿ. ತೇವ ಉಳಿಯುತ್ತೆ, ಗೊಬ್ಬರವೂ ಆಗುತ್ತೆ.

ಪ್ರಶ್ನೆ: ಪಾರ್ಕಿನ ಗುಲ್‌ಮೊಹರ್ ಮರ ನಮ್ಮ ಕಾಂಪೌಂಡ್ ಕಡೆ ವಾಲಿದೆ. ಮಳೆಗೆ ಮೊದಲು ನಾನೇ ಕಡಿಸಿಬಿಡಲಾ?
(ಅಂಗಡಿ ಮಾಲೀಕರು, ಬೆಂಗಳೂರು)

ಉತ್ತರ: ಬೇಡ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷ ಅಧಿಕಾರಿಯ ಅನುಮತಿ ಬೇಕು, ಇಲ್ಲದಿದ್ದರೆ ಅಪರಾಧ. ಆದರೆ ನಿಮ್ಮ ಭಯ ಸುಳ್ಳಲ್ಲ. ಗುಲ್‌ಮೊಹರ್ ಬೇರು ಆಳಕ್ಕೆ ಹೋಗೋಲ್ಲ, ಕೊಂಬೆ ಪೆಡಸು, ಮೇ ತಿಂಗಳ ಗಾಳಿಮಳೆಗೆ ಬೀಳೋ ಮರಗಳಲ್ಲಿ ಇದು ಮುಂದು. ಫೋಟೊ ಹಾಕಿ ಅರ್ಜಿ ಕೊಡಿ, ಬಂದು ನೋಡಲಿ. ಅವರು ಬಂದಾಗ ಬುಡದ ಸುತ್ತ ಕಾಂಕ್ರೀಟ್ ಹಾಕಿದ್ದರೆ ಅದನ್ನೂ ತೋರಿಸಿ. ದೆಹಲಿಯ ಮರಗಳ ಸುತ್ತ ಒಂದು ಮೀಟರ್ ಜಾಗ ಕಾಂಕ್ರೀಟ್ ಇಲ್ಲದೆ ಬಿಡಬೇಕು ಅಂತ ಹಸಿರು ನ್ಯಾಯಮಂಡಳಿ 2013ರಲ್ಲೇ ಹೇಳಿತ್ತು. ನಮ್ಮಲ್ಲಿ ಇನ್ನೂ ಮರದ ಕುತ್ತಿಗೆ ತನಕ ಇಂಟರ್‌ಲಾಕ್ ಕಲ್ಲು ಜೋಡಿಸಿ, ಆಮೇಲೆ ಮರ ಬಿತ್ತು ಅಂತ ಗಾಳಿಯನ್ನು ಬೈಯುತ್ತೇವೆ.

ಪ್ರಶ್ನೆ: ಮಧ್ಯಾಹ್ನ ಪಾರ್ಕಿಗೆ ಬೀಗ ಯಾಕೆ?
(ಡೆಲಿವರಿ ಕೆಲಸ ಮಾಡುವ ಯುವಕ, ಬೆಂಗಳೂರು)

ಉತ್ತರ: ಹಾಕಬಾರದು. ಬೆಂಗಳೂರಿನ ಪಾಲಿಕೆ ಪಾರ್ಕುಗಳು ಬೆಳಗ್ಗೆ 5ರಿಂದ ರಾತ್ರಿ 10ರ ತನಕ ತೆರೆದಿರಬೇಕು ಅಂತ 2024ರಲ್ಲಿ ಆದೇಶ ಆಗಿದೆ. ಮೊದಲಿದ್ದ ವೇಳೆ ವಾಕಿಂಗ್ ಮಾಡುವವರಿಗೆ ಮಾತ್ರ ಸರಿಹೋಗುತ್ತಿತ್ತು. ಬಿಸಿಲಲ್ಲಿ ಹತ್ತು ನಿಮಿಷ ನೆರಳು ಬೇಕಾದವರು ನಿಮ್ಮಂಥವರು, ಮನೆಗೆಲಸ ಮುಗಿಸಿ ಬುತ್ತಿ ಬಿಚ್ಚೋ ಹೆಂಗಸರು. ಈಗಲೂ ಬೀಗ ಇದ್ದರೆ ಹೆಚ್ಚಾಗಿ ಅದು ಆ ಬಡಾವಣೆಯ ಸಂಘದವರ ಕೆಲಸ. ಫೋಟೊ ತೆಗೆದು ವೇಳೆ ಸಮೇತ ದೂರು ಕೊಡಿ.

ಪ್ರಶ್ನೆ: ಹುಡುಗರ ಕ್ರಿಕೆಟ್ ಚೆಂಡು ನನ್ನ ಬೆನ್ನಿಗೆ ಬಿತ್ತು. ಪಾರ್ಕಲ್ಲಿ ಆಟ ನಿಷೇಧ ಮಾಡಿಸೋದು ಹೇಗೆ?
(ಹಿರಿಯ ನಾಗರಿಕರು, ಹುಬ್ಬಳ್ಳಿ)

ಉತ್ತರ: ಬೆನ್ನು ಈಗ ಹೇಗಿದೆ ಸಾರ್? ನಿಷೇಧದ ಬೋರ್ಡಿಗಿಂತ ಮೊದಲು ಹತ್ತಿರದ ಆಟದ ಮೈದಾನ ಎಲ್ಲಿದೆ, ಅದನ್ನು ಯಾರಿಗಾದರೂ ಬಾಡಿಗೆಗೆ ಕೊಟ್ಟಿದ್ದಾರಾ ಅಂತ ವಿಚಾರಿಸಿ. ಹುಡುಗರು ಸುಮ್ನೆ ಪಾರ್ಕಿಗೆ ಬರೋಲ್ಲ, ಮೈದಾನಕ್ಕೆ ಗಂಟೆ ಲೆಕ್ಕದಲ್ಲಿ ದುಡ್ಡು ಕೇಳಿದರೆ ಬರುತ್ತಾರೆ. ಅವರನ್ನೇ ಜೊತೆಗೆ ಕರೆದುಕೊಂಡು ಆಯುಕ್ತರ ಹತ್ತಿರ ಹೋಗಿ. ಅಲ್ಲಿ ತನಕ ರಬ್ಬರ್ ಚೆಂಡು, ನೀವು ವಾಕ್ ಮುಗಿಸಿದ ಮೇಲೆ ಆಟ ಅಂತ ಒಪ್ಪಂದ ಮಾಡಿಕೊಳ್ಳಿ.

ಪ್ರಶ್ನೆ: ಬೀದಿನಾಯಿಗಳಿಗೆ ಮಕ್ಕಳು ಆಡುವ ಜಾಗದಲ್ಲೇ ಅನ್ನ ಹಾಕುತ್ತಾರೆ. ಕೇಳಿದರೆ ಜಗಳ.
(ತಾಯಿ, ಮೈಸೂರು)

ಉತ್ತರ: ಹಾಕೋದು ತಪ್ಪಲ್ಲ, ಆ ಜಾಗ ತಪ್ಪು. ಪ್ರಾಣಿ ಸಂತಾನ ನಿಯಂತ್ರಣದ 2023ರ ನಿಯಮಗಳಲ್ಲೇ ಮಕ್ಕಳ ಆಟದ ಜಾಗದಿಂದ ದೂರ, ಮಕ್ಕಳು ಮುದುಕರು ಓಡಾಡದ ಹೊತ್ತಿನಲ್ಲಿ ಊಟ ಹಾಕಬೇಕು ಅಂತಿದೆ. ಪಾಲಿಕೆಯವರಿಂದಲೇ ಒಂದು ಮೂಲೆ, ಒಂದು ವೇಳೆ ಗೊತ್ತುಮಾಡಿಸಿ.

ಪ್ರಶ್ನೆ: ಮಗಳು ಬಿಎಸ್ಸಿ ತೋಟಗಾರಿಕೆ ಓದುತ್ತಿದ್ದಾಳೆ. ನಗರದ ಪಾರ್ಕುಗಳನ್ನು ನೋಡಿಕೊಳ್ಳೋ ಅಧಿಕಾರಿ ಆಗಬೇಕು ಅಂತಾಳೆ. ಹೂ ಗಿಡದ ಮಧ್ಯೆ ಹಾಯಾಗಿರೋ ಕೆಲಸ ಅಲ್ವಾ?
(ರೈತರು, ಬಾಗಲಕೋಟೆ ಜಿಲ್ಲೆ)

ಉತ್ತರ: ಹೂವು ಸ್ವಲ್ಪ, ಫೈಲು ಜಾಸ್ತಿ ಅಣ್ಣಾ. ಅವಳಿಗೆ ಕ್ರುಂಬಿಗೆಲ್ ಬಗ್ಗೆ ಓದೋಕೆ ಹೇಳಿ. ಜರ್ಮನಿಯವರು, ಲಂಡನ್ನಿನ ಕ್ಯೂ ಉದ್ಯಾನದಲ್ಲಿ ಕೆಲಸ ಮಾಡಿ, ಬರೋಡಾದಲ್ಲಿದ್ದು, 1908ರಲ್ಲಿ ಲಾಲ್‌ಬಾಗಿಗೆ ಬಂದರು. ಬೆಂಗಳೂರಿನಲ್ಲಿ ಒಂದು ಮರದ ಹೂ ಉದುರೋ ಹೊತ್ತಿಗೆ ಇನ್ನೊಂದು ಅರಳೋ ಹಾಗೆ ರಸ್ತೆ ರಸ್ತೆಗೆ ಮರ ಆರಿಸಿದವರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ನೇಗಿನಹಾಳರು ಊರ ತುಂಬ ಲಕ್ಷಗಟ್ಟಲೆ ಸಸಿ ನೆಡಿಸಿದರು. ನೆಟ್ಟ ಮೇಲೆ ದನ ತಿನ್ನದ ಹಾಗೆ ಕಾಯೋದು, ನೀರು ಮುಟ್ಟಿಸೋದು, ಬಡಾವಣೆ ಜನರನ್ನು ಒಪ್ಪಿಸೋದು, ಆ ಕೆಲಸ ಯಾವ ಕಾಲಕ್ಕೂ ಇದ್ದದ್ದೇ.

ಅವಳು ಕೆಲಸಕ್ಕೆ ಸೇರಿದ ದಿನದಿಂದ ಅಂದಾಜು ಪಟ್ಟಿ ಬರೆಯೋದು, ಟೆಂಡರ್ ನಿಯಮ, ಆದ ಕೆಲಸದ ಅಳತೆ ಪುಸ್ತಕ ಪರಿಶೀಲಿಸೋದು, ಬಿಲ್ಲಿಗೆ ಸಹಿ ಹಾಕುವ ಮೊದಲು ಸ್ಥಳಕ್ಕೆ ಹೋಗಿ ತಲೆ ಎಣಿಸೋದು, ಶಾಸಕರ ಕಡೆಯಿಂದ ಫೋನ್ ಬಂದಾಗ ‘ನಕ್ಷೆಯಲ್ಲಿ ಅದು ಪಾರ್ಕ್ ಸರ್’ ಅಂತ ತಣ್ಣಗೆ ಹೇಳೋದು, ಇವೆಲ್ಲ ಬೇಕಾಗುತ್ತೆ. ಕಾಲೇಜಿನಲ್ಲಿ ಇದನ್ನು ಯಾರೂ ಕಲಿಸೋಲ್ಲ. ರಜೆಯಲ್ಲಿ ಹತ್ತಿರದ ನಗರಸಭೆಯ ಪಾರ್ಕಿಗೆ ಹೋಗಿ ಅಲ್ಲಿನ ಮಾಲಿ ಜೊತೆ ಬೆಳಗಿನಿಂದ ಸಂಜೆ ತನಕ ಇರೋಕೆ ಹೇಳಿ. ಆದ ಮೇಲೂ ಇದೇ ಕೆಲಸ ಬೇಕು ಅಂದರೆ ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ) ಪ್ರಕಟಣೆಗಳ ಮೇಲೆ ಕಣ್ಣಿಡಲಿ, ಸಹಾಯಕ ತೋಟಗಾರಿಕೆ ಅಧಿಕಾರಿ ಹುದ್ದೆ ಕರೆದಾಗ ಅರ್ಜಿ ಹಾಕಲಿ.