ಎಲ್ಲಾ ಪ್ರೊಸೆಸರ್‌ಗಳು ಕೈಯಲ್ಲಿಲ್ಲದೆ, ಅವನ್ನು ಗುರುತಿಸುವ ಪ್ರೋಗ್ರಾಂ ಪರೀಕ್ಷಿಸುವುದು ಹೇಗೆ?

ಪ್ರೊಸೆಸರ್ ತಾನು ಯಾವುದು, ಏನೇನು ಮಾಡಬಲ್ಲದು ಅಂತ ಹೇಳುವ ಸಿಪಿಯುಐಡಿ ಇನ್‌ಸ್ಟ್ರಕ್ಷನ್ ಕೊಡುವ ರಿಜಿಸ್ಟರ್ (ಪ್ರೊಸೆಸರ್ ಒಳಗಿನ ಪುಟ್ಟ ಸಂಗ್ರಹ ಜಾಗ) ವ್ಯಾಲ್ಯೂಗಳನ್ನು ಹಾಗೇ ಒಂದು ಫೈಲಿಗೆ ಬರೆದಿಡಿ. ಬೇರೆ ಬೇರೆ ಮಷಿನ್ ಇರುವವರಿಂದಲೂ ಇಂಥ ಫೈಲ್ ತರಿಸಿಕೊಂಡು, ಪ್ರತಿಯೊಂದರ ಜೊತೆ ಬರಬೇಕಾದ ಉತ್ತರವನ್ನೂ ಇಟ್ಟು, ಕೋಡ್ ಬದಲಾದಾಗಲೆಲ್ಲ ಎಲ್ಲದರ ಮೇಲೂ ಓಡಿಸಿ ನೋಡಿ. ಇದಕ್ಕೆ ಚಿಪ್‌ನಿಂದ ಓದುವ ಕೋಡ್ ಬೇರೆ, ಓದಿದ್ದನ್ನು ಬಿಡಿಸುವ ಕೋಡ್ ಬೇರೆ ಇರಲೇಬೇಕು.

ಈ ವ್ಯಾಲ್ಯೂಗಳಿಂದ ಫ್ಯಾಮಿಲಿ, ಅಂದರೆ ಪ್ರೊಸೆಸರ್ ಯಾವ ಗುಂಪಿನದು ಅನ್ನುವ ಸಂಖ್ಯೆ, ಲೆಕ್ಕ ಹಾಕುವಾಗ ತಪ್ಪುವುದು ಸುಲಭ. ಮೂಲ ಫ್ಯಾಮಿಲಿ 15 ಇದ್ದರೆ ಮಾತ್ರ ಎಕ್ಸ್‌ಟೆಂಡೆಡ್ ಫ್ಯಾಮಿಲಿ ಅನ್ನುವ ಇನ್ನೊಂದು ಸಂಖ್ಯೆಯನ್ನು ಅದಕ್ಕೆ ಕೂಡಿಸಬೇಕು. ಎಎಂಡಿಯ ಮೊದಲ ಜೆನ್ ಚಿಪ್‌ಗಳಲ್ಲಿ 15ಕ್ಕೆ 8 ಸೇರಿ 23 ಬರುತ್ತದೆ.

ಎವಿಎಕ್ಸ್ (ಒಂದೇ ಸಲ ಹಲವು ಸಂಖ್ಯೆಗಳ ಮೇಲೆ ಲೆಕ್ಕ ಮಾಡುವ ಇನ್‌ಸ್ಟ್ರಕ್ಷನ್‌ಗಳು) ಇದೆಯಾ ಅಂತ ಹೇಳಲು ಅದರ ಬಿಟ್ ಒಂದನ್ನೇ ಸುಮ್ನೆ ನಂಬಬೇಡಿ. ಆಪರೇಟಿಂಗ್ ಸಿಸ್ಟಂ ಎವಿಎಕ್ಸ್ ಬಳಸುವ ರಿಜಿಸ್ಟರ್‌ಗಳನ್ನು ಉಳಿಸುತ್ತಿರಬೇಕು, ಅಲ್ವಾ? ಹಾಗೆ ಉಳಿಸುವ ಸೌಲಭ್ಯವನ್ನು ಆಪರೇಟಿಂಗ್ ಸಿಸ್ಟಂ ಆನ್ ಮಾಡಿದೆಯಾ ಅಂತ ಹೇಳುವ ಓಎಸ್‌ಎಕ್ಸ್‌ಸೇವ್ ಬಿಟ್ ಮೊದಲು ನೋಡಿ, ಆಮೇಲೆ ಯಾವ ರಿಜಿಸ್ಟರ್‌ಗಳು ಉಳಿಯುತ್ತವೆ ಅಂತ ಹೇಳುವ ಎಕ್ಸ್‌ಗೆಟ್‌ಬಿವಿ ಇನ್‌ಸ್ಟ್ರಕ್ಷನ್ ಓಡಿಸಿ, ಅದರ ಉತ್ತರವನ್ನೂ ಅದೇ ಫೈಲಿನಲ್ಲಿ ಇಡಿ.