ಸಣ್ಣ ಜಲ್ಲಿ ಕ್ರಷರ್ ಕಂಪನಿಗೆ ಬೆಳೆಯುವ ಅವಕಾಶ ಎಷ್ಟಿದೆ?

ತುಮಕೂರು ಕಡೆಯ ಒಂದು ಸಣ್ಣ ಜಲ್ಲಿ ಕ್ರಷರ್ ಕಂಪನಿಯವರು ತಮ್ಮನ್ನು ಪಾಲುದಾರರಾಗಲು ಕರೆದಿದ್ದಾರೆ, ಅದು ಮುಂದೆ ಬೆಳೆಯಬಹುದೇ ಎಂದು ತಾವು ಕೇಳಿದ್ದೀರಿ. ಇಂಥದೇ ಘಟಕವೊಂದರ ಲೆಕ್ಕಪತ್ರಗಳನ್ನು ಹತ್ತು ವರ್ಷ ನೋಡಿಕೊಂಡವನು ನಾನು. ದಾಬಸ್‌ಪೇಟೆಯ ಮೂಲಕ ಹಾದುಹೋಗುವ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆಯಂಥ ಕಾಮಗಾರಿಗಳೂ ಬೆಂಗಳೂರಿನ ಕಟ್ಟಡಗಳೂ ಇರುವವರೆಗೆ ಜಲ್ಲಿಗೆ ಗಿರಾಕಿ ಇದ್ದೇ ಇರುತ್ತಾರೆ. ತಾವು ಮೊದಲು ವಿಚಾರಿಸಬೇಕಾದದ್ದು ಕಲ್ಲು ತೆಗೆಯಲು ಅವರು ಗುತ್ತಿಗೆಗೆ ಪಡೆದ ಜಮೀನಿನಲ್ಲಿ ತೆಗೆಯಲು ಉಳಿದಿರುವ ಕಲ್ಲು ಎಷ್ಟು ಎಂಬುದನ್ನು.

ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ಗುತ್ತಿಗೆ 2 ಎಕರೆ ಎಂದಿಟ್ಟುಕೊಳ್ಳಿ. ಚೌಕಾಕಾರವಾಗಿದ್ದರೆ ಅದರ ಒಂದೊಂದು ಬದಿ ಸುಮಾರು 90 ಮೀಟರ್. ಗಣಿ ಸುರಕ್ಷತಾ ನಿಯಮದಂತೆ ಗಡಿಯಿಂದ 7.5 ಮೀಟರ್ ಬಿಡಬೇಕಾಗಿರುವುದರಿಂದ ಸುಮಾರು ಶೇ 30ರಷ್ಟು ಜಾಗ ಅಲ್ಲಿಗೇ ಹೋಯಿತು. ಉಳಿದದ್ದರಲ್ಲಿ 6 ಮೀಟರ್ ಎತ್ತರ, 6 ಮೀಟರ್ ಅಗಲದ ಬೆಂಚ್‌ಗಳನ್ನು ಬಿಡುತ್ತ ಕೆಳಗಿಳಿದರೆ ಗುಂಡಿಯು ಕಲ್ಯಾಣಿಯ ಮೆಟ್ಟಿಲುಗಳಂತೆ ಕಿರಿದಾಗುತ್ತ ಹೋಗಿ, 30 ಮೀಟರ್ ಆಳಕ್ಕೆ ದೊರೆಯುವ ಕಲ್ಲು ಸುಮಾರು 2.25 ಲಕ್ಷ ಟನ್ ಮಾತ್ರ. ಗಂಟೆಗೆ 100 ಟನ್ ಪುಡಿಮಾಡುವ ಕ್ರಷರ್, ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 25 ದಿನ ಓಡಿದರೆ, ಅಷ್ಟೂ ಕಲ್ಲು ಒಂದು ವರ್ಷದೊಳಗೆ ಮುಗಿದುಹೋಗುತ್ತದೆ! ಬಂಡೆ ನೆಲಮಟ್ಟದಿಂದ ಗುಡ್ಡದಂತೆ ಮೇಲೆದ್ದಿದ್ದರೆ ಲೆಕ್ಕ ಬೇರೆ, ನಿಜ. ಆದರೂ ಹೊಸ ಯಂತ್ರ ತಂದು ಬೆಳೆಯುತ್ತೇವೆ ಎನ್ನುವವರ ಮಾತಿಗೆ ನಾನು ಕಿವಿಗೊಡುವುದಿಲ್ಲ. ಅದು ಹೆಚ್ಚಿನ ಸಲ ಇರುವ ಕಲ್ಲನ್ನು ಬೇಗ ಮುಗಿಸುವ ದಾರಿಯಷ್ಟೇ. ಪರಿಸರ ಅನುಮತಿಯಲ್ಲಿ ನಿಗದಿಯಾದ ವಾರ್ಷಿಕ ಪ್ರಮಾಣವನ್ನು ಮೀರಿ ತೆಗೆಯುವಂತೆಯೂ ಇಲ್ಲ.

ಹಾಗಾದರೆ ಬೆಳವಣಿಗೆ ಎಲ್ಲಿಂದ ಬರುತ್ತದೆ? ನಮ್ಮಲ್ಲಿ ಅದು ಅದೇ ಟನ್ ಕಲ್ಲಿಗೆ ಹೆಚ್ಚು ಬೆಲೆ ಪಡೆದುದರಿಂದ ಬಂತು. 20 ಮಿ.ಮೀ. ಜಲ್ಲಿ ಅಂದಂದೇ ಟಿಪ್ಪರ್ ಹತ್ತುತ್ತಿತ್ತು, 6 ಮಿ.ಮೀ. ಜಲ್ಲಿಯ ರಾಶಿ ಮಾತ್ರ ಕಚೇರಿಯ ಕಿಟಕಿಯನ್ನೇ ಮುಚ್ಚುವಷ್ಟು ಬೆಳೆದು, ಮಳೆಗಾಲದಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಜಾರಿಬರುತ್ತಿತ್ತು. ಜಲ್ಲಿಯನ್ನು ಮರಳಿನಷ್ಟು ಸಣ್ಣದಾಗಿ ಒಡೆಯುವ ವಿಎಸ್‌ಐ ಯಂತ್ರ ಮತ್ತು ತೊಳೆಯುವ ಘಟಕ ಹಾಕಿ ಆ ಸಣ್ಣ ಜಲ್ಲಿಯನ್ನೇ ಎಂ-ಸ್ಯಾಂಡ್ (ತಯಾರಿಸಿದ ಮರಳು) ಮಾಡಲು ಆರಂಭಿಸಿದ ಮೇಲೆ ರಾಶಿ ಕರಗಿತು. ಕಾಂಕ್ರೀಟಿಗೆ ಬಳಸುವ ಜಲ್ಲಿ, ಮರಳಿಗಾಗಿ ಇರುವ, 2016ರಲ್ಲಿ ಪರಿಷ್ಕೃತವಾದ ಐಎಸ್ 383 ಎಂಬ ಭಾರತೀಯ ಮಾನದಂಡವು ತಯಾರಿಸಿದ ಮರಳನ್ನೂ ಒಳಗೊಂಡಿರುವುದರಿಂದ ಎಂಜಿನಿಯರುಗಳ ಅನುಮಾನವೂ ಬಹುಮಟ್ಟಿಗೆ ಕಡಿಮೆಯಾಗಿದೆ. ಮರಳು ತೊಳೆಯಲು ಬೇಕಾದ ನೀರಿನ ವ್ಯವಸ್ಥೆಯನ್ನು ಮಾತ್ರ ಮೊದಲೇ ನೋಡಿಕೊಳ್ಳಬೇಕು.

ಬಾಕಿ ವಸೂಲಿಯ ಪಾಡು ಬೇರೆಯೇ ಇದೆ. ಜಲ್ಲಿ ಕೊಂಡ ಕಾಮಗಾರಿ ಗುತ್ತಿಗೆದಾರರೊಬ್ಬರು ನಮಗೆ ಹಣ ಕೊಡಲು ಹದಿನಾಲ್ಕು ತಿಂಗಳು ತೆಗೆದುಕೊಂಡರು; ಡೀಸೆಲ್, ರಾಜಧನ, ಕೂಲಿ ಯಾವುದೂ ಅಷ್ಟು ದಿನ ಕಾಯುವುದಿಲ್ಲ.

ಕಾನೂನಿನ ಅಪಾಯವನ್ನೂ ಲಘುವಾಗಿ ಕಾಣಬೇಡಿ. 2021ರಲ್ಲಿ ಶಿವಮೊಗ್ಗದ ಹುಣಸೋಡು ಹಾಗೂ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಸ್ಫೋಟಕಗಳು ಸಿಡಿದು ಕಾರ್ಮಿಕರು ಸತ್ತರು. 2024ರ ಜನವರಿಯಲ್ಲಿ ಹೈಕೋರ್ಟ್ ಕೆಆರ್‌ಎಸ್ ಅಣೆಕಟ್ಟೆಯ ಸುತ್ತ 20 ಕಿ.ಮೀ. ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿತು. ಅಂಥ ಒಂದು ಆದೇಶದ ಮುಂದೆ ಒಂದೇ ಕ್ವಾರಿಯನ್ನು ನಂಬಿದ ಕಂಪನಿಗೆ ಬೇರೆ ದಾರಿ ಇರುವುದಿಲ್ಲ. ಆದ್ದರಿಂದ ಗುಂಡಿಯ ಇತ್ತೀಚಿನ ಸರ್ವೆ ನಕ್ಷೆಯನ್ನು ಕೇಳಿ ಪಡೆಯಿರಿ. ಕ್ರಷರ್‌ಗೆ ಹತ್ತಿರದಲ್ಲೇ ಎರಡನೆಯ ಗುತ್ತಿಗೆ ಅವರ ಕೈಯಲ್ಲಿದ್ದರೆ ಪಾಲಿನ ಬೆಲೆಯ ಮಾತಿಗೆ ಕುಳಿತುಕೊಳ್ಳಬಹುದು. ಇಲ್ಲದಿದ್ದರೆ ನಾನಾಗಿದ್ದರೆ ಹಣ ಹಾಕುತ್ತಿರಲಿಲ್ಲ.