ಹುಚ್ಚರೂ ಅಲ್ಲ, ರಷ್ಯನ್ನರೂ ಅಲ್ಲ: ವುಕೋವಿಚ್ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳು

ಮೇ ತಿಂಗಳು ಬಂತೆಂದರೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿ ಬದಲಾಗುತ್ತದೆ. ಮೈಲೇಜು, ಟೈರಿನ ಗಾಳಿ, ಕ್ಲಚ್ ಸವೆತದ ನಡುವೆ ಅಮೆರಿಕದ 500 ಮೈಲಿ ಕಾರು ಓಟ, ಇಂಡಿಯಾನಾಪೊಲಿಸ್ 500, ನುಸುಳಿಕೊಳ್ಳುತ್ತದೆ. ಅದರಲ್ಲೂ 1955ರ ಮೇ 30ರ ಓಟ, ಹಿಂದಿನ ಎರಡೂ ವರ್ಷ ಗೆದ್ದಿದ್ದ ಅಮೆರಿಕದ ಚಾಲಕ ಬಿಲ್ ವುಕೋವಿಚ್ ಪ್ರಾಣ ಕಳೆದುಕೊಂಡ ಓಟ. ಯಾರೋ ಹಳೆಯ ಚಿತ್ರದ ತುಣುಕೊಂದನ್ನು ಹಂಚುತ್ತಾರೆ, ಅದರ ಕೆಳಗೆ ಇನ್ಯಾರೋ ನಾಲ್ಕು ಸಾಲಿನ ಕಥೆ ಕಟ್ಟುತ್ತಾರೆ, ಆ ಕಥೆ ಪ್ರಶ್ನೆಯ ವೇಷ ತೊಟ್ಟು ನನ್ನ ಮೇಜಿಗೆ ಬರುತ್ತದೆ. ಈ ಸಲ ಒಂದು ಪ್ರಶ್ನೆಗೆ ಸಾವಕಾಶವಾಗಿ ಉತ್ತರಿಸುತ್ತೇನೆ. ಉಳಿದವಕ್ಕೆ ಅಷ್ಟು ತಾಳ್ಮೆ ನನ್ನಲ್ಲಿಲ್ಲ. ಓಟದ ನಿಯಮ, ಬಾವುಟದ ಬಣ್ಣ, ಪಿಟ್ ಎಂದರೇನು ಎಂಬುದನ್ನೆಲ್ಲ ಇಲ್ಲಿ ಹೇಳಿಕೊಡುವುದಿಲ್ಲ.

ಪ್ರಶ್ನೆ: ವುಕೋವಿಚ್ ಅವರನ್ನು ‘ಮ್ಯಾಡ್ ರಷ್ಯನ್’ ಎಂದು ಕರೆಯುತ್ತಿದ್ದರಂತೆ. 1955ರಲ್ಲಿ ಅವರು 17 ಸೆಕೆಂಡು ಮುಂದಿದ್ದರು. ಅಷ್ಟು ಮುಂದಿದ್ದವರು ಸ್ವಲ್ಪ ನಿಧಾನ ಮಾಡಿದ್ದರೆ, ಸಮಯಕ್ಕೆ ಸರಿಯಾಗಿ ಬ್ರೇಕ್ ಒತ್ತಿದ್ದರೆ ಬದುಕುತ್ತಿದ್ದರಲ್ಲವೇ? ಅತಿವೇಗದ ಹುಚ್ಚೇ ಅವರನ್ನು ಕೊಂದದ್ದು ಎನ್ನುತ್ತಾರೆ, ನಿಜವೇ?

ಉತ್ತರ: ಅಲ್ಲ. ಪ್ರತಿ ವರ್ಷ ಇದನ್ನೇ ಹೇಳುತ್ತಿದ್ದೇನೆ, ಈ ವರ್ಷವೂ ಹೇಳುತ್ತೇನೆ.

ಮೊದಲು ಆ 17 ಸೆಕೆಂಡಿನ ವಿಷಯ. ಮೊದಲನೆಯವನ ಮುಂದೆ ರಸ್ತೆ ಖಾಲಿ ಎನ್ನುವುದು ಊರಿಂದ ಊರಿಗೆ ಓಡುವ ಓಟದ ಲೆಕ್ಕ. ಅಂಡಾಕಾರದ ಟ್ರ್ಯಾಕಿನಲ್ಲಿ ಅದು ನಡೆಯುವುದಿಲ್ಲ. ಇಂಡಿಯಾನಾಪೊಲಿಸ್ ಟ್ರ್ಯಾಕಿನ ಸುತ್ತಳತೆ ಎರಡೂವರೆ ಮೈಲಿ, ಅಂದರೆ ಸುಮಾರು ನಾಲ್ಕು ಕಿಲೋಮೀಟರ್. ಹೊರಡುವ ಕಾರುಗಳು 33. ಸಮನಾಗಿ ಹರಡಿಕೊಂಡರೂ 120 ಮೀಟರಿಗೊಂದು ಕಾರು, ಮತ್ತು ಅವು ಯಾವತ್ತೂ ಸಮನಾಗಿ ಹರಡಿಕೊಳ್ಳುವುದಿಲ್ಲ. ಎರಡನೆಯ ಸ್ಥಾನದವನನ್ನು ಎಷ್ಟು ದೂರ ಹಿಂದೆ ಹಾಕುತ್ತೀರೋ, ಕೊನೆಯ ಸ್ಥಾನದವರ ಬೆನ್ನಿಗೆ ಅಷ್ಟು ಬೇಗ ಹೋಗಿ ಬೀಳುತ್ತೀರಿ. ಹೀಗಾಗಿ ಅತಿ ಹೆಚ್ಚು ಕಾರುಗಳನ್ನು ದಾಟಿ ಹೋಗಬೇಕಾದವನು ಓಟದ ಮುಂದಾಳುವೇ. 17 ಸೆಕೆಂಡಿನ ಅಂತರ ವುಕೋವಿಚ್ ಅವರ ಬೆನ್ನ ಹಿಂದೆ ಇತ್ತು. ಕಣ್ಣ ಮುಂದೆ ಮೂರು ಕಾರುಗಳಿದ್ದವು.

57ನೆಯ ಸುತ್ತು. ಎರಡನೆಯ ತಿರುವು ಮುಗಿಸಿ ಹಿಂಬದಿಯ ನೇರ ಹಾದಿಗೆ ಬೀಳುವ ಜಾಗ. ಮುಂದಿದ್ದವರು ರಾಡ್ಜರ್ ವಾರ್ಡ್, ಆಲ್ ಕೆಲ್ಲರ್, ಜಾನಿ ಬಾಯ್ಡ್. ವಾರ್ಡ್ ಅವರ ಕಾರಿನ ಆಕ್ಸಲ್, ಅಂದರೆ ಚಕ್ರಗಳ ಅಚ್ಚು, ಮುರಿದು ಕಾರು ಹಿಡಿತ ತಪ್ಪಿತು. ಅವರನ್ನು ತಪ್ಪಿಸಲು ಕೆಲ್ಲರ್ ಒಳಬದಿಗೆ ಹೊರಳಿಸಿದರು. ಅಲ್ಲಿ ಅವರ ಕಾರೂ ಕೈತಪ್ಪಿ ಜಾರುತ್ತ ಟ್ರ್ಯಾಕಿಗೇ ವಾಪಸು ಬಂದು ಬಾಯ್ಡ್ ಅವರ ಕಾರಿಗೆ ಹೊಡೆಯಿತು. ಆ ಹೊಡೆತಕ್ಕೆ ಬಾಯ್ಡ್ ಕಾರು ನೇರವಾಗಿ ವುಕೋವಿಚ್ ಅವರ ದಾರಿಗೆ ತಳ್ಳಲ್ಪಟ್ಟಿತು. ಎರಡನೆಯ ತಿರುವಿನಿಂದ ವೇಗವಾಗಿ ಹೊರಬರುವ ಕಾರು ತಾನಾಗಿಯೇ ಹೊರಗೋಡೆಯ ಕಡೆಗೆ ಸರಿಯುತ್ತದೆ. ಸರಿಯಲೇಬೇಕು, ವೇಗದ ಹಾದಿ ಇರುವುದೇ ಅಲ್ಲಿ. ಆ ನೇರ ಹಾದಿಯ ಅಗಲ 50 ಅಡಿ. ಅದರಲ್ಲಿ ಮೂರು ಕಾರು ಅಡ್ಡಾದಿಡ್ಡಿಯಾದ ಮೇಲೆ ಉಳಿಯುವ ಜಾಗವೆಷ್ಟು, ನೀವೇ ಹೇಳಿ.

ಇನ್ನು ಬ್ರೇಕ್. ಆ ವರ್ಷ ಅರ್ಹತಾ ಸುತ್ತಿನಲ್ಲಿ ಜಾಕ್ ಮೆಗ್ರಾತ್ ತಲುಪಿದ್ದ ವೇಗ ಗಂಟೆಗೆ 142.58 ಮೈಲಿ. ಓಟದ ವೇಗ ಇದಕ್ಕಿಂತ ಒಂದಿಷ್ಟು ಕಡಿಮೆ ಎಂದುಕೊಳ್ಳಿ. ಗಂಟೆಗೆ 225 ಕಿಲೋಮೀಟರ್ ಹಿಡಿಯೋಣ. ಅಂದರೆ ಸೆಕೆಂಡಿಗೆ 62 ಮೀಟರ್. ಒಳ್ಳೆಯ ಟೈರು, ಒಣ ಟ್ರ್ಯಾಕು, ಗಾಬರಿಯಾಗದ ಚಾಲಕ ಎಲ್ಲ ಕೂಡಿ ಬಂದರೂ ಆ ವೇಗದಿಂದ ನಿಲ್ಲಲು 250 ಮೀಟರ್ ಬೇಕು. ಕಣ್ಣು ಕಂಡದ್ದು ಕಾಲಿಗೆ ತಲುಪುವಷ್ಟರಲ್ಲಿ ಇನ್ನೂ 50 ಮೀಟರ್ ಕಳೆದಿರುತ್ತದೆ. ‘ಸ್ವಲ್ಪ ನಿಧಾನ’ ಎಂದು 200ಕ್ಕೆ ಇಳಿಸಿದ್ದರೂ ಬ್ರೇಕ್ ದೂರ ಸುಮಾರು 200 ಮೀಟರಿಗೆ ಬಂದು ನಿಲ್ಲುತ್ತದೆ. ಮೂರು ಕಾರುಗಳ ಬೆನ್ನಿಗಿದ್ದವರಿಗೆ ಅಷ್ಟು ಜಾಗ ಎಲ್ಲಿಂದ ಬರಬೇಕು? ಕುರ್ಚಿಯಲ್ಲಿ ಕೂತು, ತುಣುಕನ್ನು ನಿಧಾನಗತಿಯಲ್ಲಿ ಎರಡು ಸಲ ನೋಡಿ ‘ಬ್ರೇಕ್ ಒತ್ತಬಹುದಿತ್ತು’ ಎನ್ನುವುದು ಸುಲಭ. ಅಂದಹಾಗೆ ಆ ತುಣುಕನ್ನು ನನಗೆ ಕಳುಹಿಸುವುದನ್ನು ದಯವಿಟ್ಟು ನಿಲ್ಲಿಸಿ. ನಾನು ನೋಡುವುದಿಲ್ಲ.

ವುಕೋವಿಚ್ ಅವರ ಕಾರು ಬಾಯ್ಡ್ ಕಾರಿಗೆ ತಗುಲಿ ಗಾಳಿಗೆದ್ದು, ಹೊರಗೋಡೆಯ ಮೇಲಿಂದ ಆಚೆ ಹಾರಿ, ಉರುಳುರುಳಿ ತಲೆಕೆಳಗಾಗಿ ಬಿದ್ದು ಹೊತ್ತಿಕೊಂಡಿತು. ತಲೆಬುರುಡೆಯ ತಳ ಮುರಿದದ್ದು ಸಾವಿಗೆ ಕಾರಣ. ಎಡ್ ಎಲಿಸಿಯನ್ ಎಂಬ ಚಾಲಕ ಏನೂ ಆಗದ ತಮ್ಮ ಕಾರನ್ನು ಅಲ್ಲೇ ನಿಲ್ಲಿಸಿ, ಓಟ ನಡೆಯುತ್ತಿದ್ದ ಟ್ರ್ಯಾಕನ್ನು ದಾಟಿಕೊಂಡು ಅವರನ್ನು ಉಳಿಸಲು ಓಡಿದರು. ಓಟ ನಿಲ್ಲಲಿಲ್ಲ. ಗೆದ್ದವರು ಬಾಬ್ ಸ್ವೈಕರ್ಟ್.

ಈಗ ಆ ‘ಹುಚ್ಚು’. ಇಡೀ ಕಥೆಯಲ್ಲಿ ನನಗೆ ಹೆಚ್ಚು ಸಿಟ್ಟು ಬರಿಸುವುದು ಈ ಬಿರುದೇ. ಅವರು ರಷ್ಯನ್ನರಲ್ಲ. ಸರ್ಬಿಯಾ ಮೂಲದ ಕುಟುಂಬದವರು, ಕ್ಯಾಲಿಫೋರ್ನಿಯಾದ ಫ್ರೆಸ್ನೊದಲ್ಲಿ ಬೆಳೆದವರು, ಪುಟ್ಟ ಮಿಡ್ಜೆಟ್ ಕಾರುಗಳಲ್ಲಿ ಪಳಗಿ 1950ರಲ್ಲಿ ಅದರ ರಾಷ್ಟ್ರೀಯ ಚಾಂಪಿಯನ್ ಆದವರು. ಹುಚ್ಚು ಎಷ್ಟಿತ್ತು ಎಂದು ತಿಳಿಯಬೇಕಿದ್ದರೆ 1952ರ ಓಟ ನೋಡಿ. ಆ ದಿನ 200ರಲ್ಲಿ 150 ಸುತ್ತು ಅವರೇ ಮುಂದಿದ್ದರು. ಇನ್ನು ಒಂಬತ್ತು ಸುತ್ತು ಬಾಕಿ ಇರುವಾಗ ಸ್ಟೀರಿಂಗಿನ ಜೋಡಣೆ ಮುರಿಯಿತು. ಚಕ್ರ ಕೈಯಲ್ಲಿದೆ, ಕಾರು ಮಾತು ಕೇಳುವುದಿಲ್ಲ, ಹಿಂದಿನಿಂದ ಉಳಿದವರು ಪೂರ್ತಿ ವೇಗದಲ್ಲಿ ಬರುತ್ತಿದ್ದಾರೆ. ಅವರು ಕಾರನ್ನು ಹೊರಗೋಡೆಗೆ ಒತ್ತಿ, ಅದಕ್ಕೇ ಉಜ್ಜಿಕೊಂಡು ನಿಧಾನವಾಗಿ ನಿಲ್ಲಿಸಿದರು. ಇನ್ನೊಬ್ಬರಿಗೆ ಒಂದು ಗೀರೂ ಆಗಲಿಲ್ಲ. ಕೈಗೆ ಬಂದ ಗೆಲುವು ಟ್ರಾಯ್ ರಟ್‌ಮನ್ ಎಂಬ 22ರ ಹುಡುಗನ ಪಾಲಾಯಿತು.

ಮರುವರ್ಷ ಬಿಸಿಲು ವಿಪರೀತ. ಕಾರ್ಲ್ ಸ್ಕಾರ್ಬರೋ ಎಂಬ ಚಾಲಕ ಆ ಧಗೆಗೇ ಪ್ರಾಣಬಿಟ್ಟರು. ಎಷ್ಟೋ ಮಂದಿ ನಡುವೆ ಇಳಿದು ಬದಲಿ ಚಾಲಕರಿಗೆ ಕಾರು ಒಪ್ಪಿಸಿದರು. ವುಕೋವಿಚ್ ಇಳಿಯಲಿಲ್ಲ. 195 ಸುತ್ತು ಮುಂದಿದ್ದು ಗೆದ್ದರು. 1954ರಲ್ಲಿ 19ನೆಯವರಾಗಿ ಹೊರಟು ಮತ್ತೆ ಗೆದ್ದರು. ಐದು ವರ್ಷಗಳಲ್ಲಿ ಅಲ್ಲಿ ಅವರು ಓಡಿಸಿದ್ದು ಒಟ್ಟು 676 ಸುತ್ತು, ಅದರಲ್ಲಿ 485 ಸುತ್ತು ಮುಂಚೂಣಿಯಲ್ಲಿ. ಅಳತೆ ತಪ್ಪದ ಕೈಯಿಲ್ಲದೆ ಈ ಲೆಕ್ಕ ಬರುವುದಿಲ್ಲ. ಹುಚ್ಚಾಟ ಆಡುವವರು ಮೊದಲ 20 ಸುತ್ತಿನಲ್ಲೇ ಗೋಡೆ ಸೇರಿರುತ್ತಾರೆ.

ಹಾಗಾದರೆ ಕೊಂದದ್ದು ಯಾವುದು? ಮುರಿದ ಆಕ್ಸಲ್ ಆರಂಭ ಮಾತ್ರ. ಆ ಕಾರಿನಲ್ಲಿ ಚಾಲಕನ ತಲೆಯೇ ಅತಿ ಎತ್ತರದ ಭಾಗವಾಗಿತ್ತು, ತಲೆಕೆಳಗಾದರೆ ನೆಲಕ್ಕೆ ಬಡಿಯುವುದೂ ಅದೇ. ಅದರ ಹಿಂದೆ ತಲೆಗಿಂತ ಎತ್ತರದ ಉಕ್ಕಿನ ಕಮಾನು, ರೋಲ್ ಬಾರ್, ಇರಲಿಲ್ಲ. ಗೋಡೆ ಕಾರನ್ನು ತಡೆಯುವ ಬದಲು ಮೆಟ್ಟಿಲಾಯಿತು. 1938ರ ವಿಜೇತ ಫ್ಲಾಯ್ಡ್ ರಾಬರ್ಟ್ಸ್ 1939ರ ಓಟದಲ್ಲಿ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಸತ್ತಿದ್ದರು. ನಡುವೆ 16 ವರ್ಷ ಕಳೆದಿತ್ತು. ಯುದ್ಧದ ವರ್ಷಗಳನ್ನು ಬಿಟ್ಟುಕೊಟ್ಟರೂ ಒಂದು ಗೋಡೆಯ ಬಗ್ಗೆ ಯೋಚಿಸಲು ಅದು ಸಾಲದೇ? ರೋಲ್ ಬಾರ್ ಕಡ್ಡಾಯವಾದದ್ದು 1959ರಲ್ಲಿ, ಅದೂ 1958ರ ಮೊದಲ ಸುತ್ತಿನ ಸರಣಿ ಡಿಕ್ಕಿಯಲ್ಲಿ ಚಾಲಕ ಪ್ಯಾಟ್ ಓಕಾನರ್ ಸತ್ತ ಮೇಲೆ. ಆ ಡಿಕ್ಕಿಗೆ ನಾಂದಿ ಹಾಡಿದ್ದು ಯಾರ ಕಾರು ಗೊತ್ತೇ? ವುಕೋವಿಚ್ ಅವರನ್ನು ಉಳಿಸಲು ಓಡಿದ್ದ ಅದೇ ಎಲಿಸಿಯನ್ ಅವರದು. ಒಬ್ಬ ಮನುಷ್ಯನಿಗೆ ‘ಹುಚ್ಚ’, ‘ವೀರ’ ಎಂದು ಒಂದೇ ಚೀಟಿ ಅಂಟಿಸುವವರು ಇದಕ್ಕೇನು ಹೇಳುತ್ತಾರೋ. ಅಪ್ಪಳಿಸಿದಾಗ ಬಳುಕಿ ಪೆಟ್ಟನ್ನು ಹೀರುವ ಗೋಡೆ ಇಂಡಿಯಾನಾಪೊಲಿಸಿಗೆ ಬರಲು 2002 ಆಗಬೇಕಾಯಿತು. ತಲೆಬುರುಡೆಯ ತಳ ಮುರಿಯುವ ಅದೇ ಗಾಯ 2001ರಲ್ಲಿ ಅಮೆರಿಕದ ಡೇಟೋನಾ ಟ್ರ್ಯಾಕಿನಲ್ಲಿ ಚಾಲಕ ಡೇಲ್ ಅರ್ನ್‌ಹಾರ್ಟ್ ಅವರನ್ನೂ ಬಲಿ ತೆಗೆದುಕೊಂಡಿತು. ಕತ್ತು ಮತ್ತು ತಲೆಯನ್ನು ಹಿಡಿದಿಡುವ ಪಟ್ಟಿಯನ್ನು ಆ ಓಟ ನಡೆಸುವ ಸಂಸ್ಥೆ ನಾಸ್ಕಾರ್ ಕಡ್ಡಾಯ ಮಾಡಿದ್ದು ಅದೇ ವರ್ಷದ ಅಕ್ಟೋಬರಿನಲ್ಲಿ.

1955 ಒಟ್ಟಿನಲ್ಲಿ ಕೆಟ್ಟ ವರ್ಷ. ಅದೇ ಮೇ ತಿಂಗಳ ಇಂಡಿಯಾನಾಪೊಲಿಸ್ ಅಭ್ಯಾಸದ ಅಪಘಾತಕ್ಕೆ ಚಾಲಕ ಮ್ಯಾನಿ ಅಯುಲೊ ಬಲಿಯಾದರು. ವುಕೋವಿಚ್ ಸಾವಿಗೆ ನಾಲ್ಕು ದಿನ ಮುಂಚೆ ಇಟಲಿಯ ಮೊಂಜಾದಲ್ಲಿ ಆ ದೇಶದ ಚಾಲಕ ಆಲ್ಬರ್ಟೊ ಅಸ್ಕಾರಿ ಸತ್ತರು. ಜೂನ್ 11ರಂದು ಫ್ರಾನ್ಸಿನ ಲ ಮಾನ್ ಓಟದಲ್ಲಿ ಕಾರು ಜನರ ನಡುವೆ ನುಗ್ಗಿ 80ಕ್ಕೂ ಹೆಚ್ಚು ಮಂದಿ ಸತ್ತರು. ಓಟಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಅಮೆರಿಕನ್ ಆಟೊಮೊಬೈಲ್ ಅಸೋಸಿಯೇಷನ್ ಆ ವರ್ಷದ ಕೊನೆಗೆ ರೇಸಿಂಗಿನಿಂದಲೇ ಕೈ ತೊಳೆದುಕೊಂಡಿತು. ಗೋಡೆ, ಕಮಾನು, ಪಟ್ಟಿಗಳ ಕೆಲಸ ಹೊಸ ಸಂಸ್ಥೆಯ ತಲೆಗೆ ಬಿತ್ತು.

ಪ್ರಶ್ನೆ: ಅಂಡಾಕಾರದ ಟ್ರ್ಯಾಕಿನಲ್ಲಿ ಎಡಕ್ಕೆ ತಿರುಗಿಸುತ್ತಾ ಹೋದರೆ ಸಾಕಲ್ಲವೇ? ಅದರಲ್ಲಿ ಚಾಲಕನ ಕೌಶಲ ಏನಿದೆ?

ಉತ್ತರ: ಆಕ್ಸಿಲರೇಟರ್ ಒತ್ತಿ ಎಡಕ್ಕೆ ತಿರುಗಿಸಿ, ಅಷ್ಟೇ ಗುಟ್ಟು ಎಂಬರ್ಥದ ಮಾತೊಂದು ವುಕೋವಿಚ್ ಹೆಸರಿನಲ್ಲೇ ಓಡಾಡುತ್ತಿದೆ. ತಮಾಷೆಯನ್ನು ಪಾಠ ಎಂದುಕೊಳ್ಳಬೇಡಿ. ಇಂಡಿಯಾನಾಪೊಲಿಸ್ ತಿರುವುಗಳ ಬಾಗು, ಅಂದರೆ ರಸ್ತೆ ಒಳಬದಿಗೆ ವಾಲಿರುವ ಇಳಿಜಾರು, ಒಂಬತ್ತು ಡಿಗ್ರಿಯ ಮೇಲೆ ಚೂರು. ತ್ರಿಜ್ಯ 840 ಅಡಿ. ಬಾಗು ತಾನೇ ಹೊತ್ತುಕೊಳ್ಳಬಲ್ಲ ವೇಗ ಲೆಕ್ಕ ಹಾಕಿದರೆ ಗಂಟೆಗೆ 73 ಕಿಲೋಮೀಟರ್ ಬರುತ್ತದೆ. ಅದರ ಮೇಲಿನದೆಲ್ಲ ನಾಲ್ಕು ಸಪೂರ ಟೈರು ಮತ್ತು ಒಬ್ಬ ಮನುಷ್ಯನ ಕೈ. ಹಾಗಾಗಿಯೇ ರೇಸ್ ಕಾರು ಕಟ್ಟುತ್ತಿದ್ದ ಫ್ರಾಂಕ್ ಕರ್ಟಿಸ್ ತಮ್ಮ ರೋಡ್‌ಸ್ಟರ್ ಕಾರುಗಳಲ್ಲಿ ಎಂಜಿನನ್ನು ವಾಲಿಸಿ, ಅದರ ಶಕ್ತಿಯನ್ನು ಹಿಂಚಕ್ರಕ್ಕೆ ಒಯ್ಯುವ ಡ್ರೈವ್ ಶಾಫ್ಟನ್ನು ಚಾಲಕನ ಎಡಕ್ಕೆ ಸರಿಸಿ, ಅವನನ್ನು ಅದರ ಮೇಲೆ ಕೂರಿಸುವ ಬದಲು ಪಕ್ಕದಲ್ಲಿ ತಗ್ಗಾಗಿ ಕೂರಿಸಿದ್ದು. ತೂಕ ಕೆಳಗೆ ಮತ್ತು ಎಡಕ್ಕೆ. ಸುಲಭದ ಕೆಲಸಕ್ಕೆ ಯಾರೂ ಇಷ್ಟು ತಲೆ ಕೆಡಿಸಿಕೊಳ್ಳುವುದಿಲ್ಲ.

ಪ್ರಶ್ನೆ: 1955ರಲ್ಲಿ ಅವರ ಕಾರಿನ ಸಂಖ್ಯೆ 4. ಅದು ರಾಹುವಿನ ಸಂಖ್ಯೆ, ಆದ್ದರಿಂದಲೇ ಸಾವು ಎಂದು ಒಬ್ಬ ಸಂಖ್ಯಾಶಾಸ್ತ್ರಜ್ಞರು ಹೇಳುತ್ತಾರೆ.

ಉತ್ತರ: 1960ರಲ್ಲಿ ಜಿಮ್ ರಾತ್‌ಮನ್ ಗೆದ್ದ ಕಾರಿನ ಸಂಖ್ಯೆಯೂ 4. ನಿಮ್ಮ ಶಾಸ್ತ್ರಜ್ಞರು ಆಗ ರಾಹುವನ್ನು ಎಲ್ಲಿಗೆ ಕಳುಹಿಸಿದ್ದರೋ ಕೇಳಿ, ಕೊಟ್ಟ ದಕ್ಷಿಣೆಯನ್ನೂ ವಾಪಸು ಕೇಳಿ.

ಪ್ರಶ್ನೆ: ಫಾರ್ಮುಲಾ ಒನ್ ವಿಜೇತರ ಪಟ್ಟಿಯಲ್ಲಿ ವುಕೋವಿಚ್ ಹೆಸರಿದೆ. ಅದು ತಪ್ಪಲ್ಲವೇ?

ಉತ್ತರ: ತಪ್ಪಲ್ಲ. 1950ರಿಂದ 1960ರವರೆಗೆ ಇಂಡಿಯಾನಾಪೊಲಿಸ್ 500 ವಿಶ್ವ ಚಾಂಪಿಯನ್‌ಷಿಪ್‌ನ ಲೆಕ್ಕಕ್ಕೆ ಸೇರಿತ್ತು. ಯುರೋಪಿನವರು ಬರುತ್ತಿದ್ದದ್ದೇ ಅಪರೂಪ. 1952ರಲ್ಲಿ ಫೆರಾರಿ ತಂದ ಅಸ್ಕಾರಿ ಚಕ್ರ ಕುಸಿದು 40 ಸುತ್ತಿಗೇ ಮನೆಗೆ ಹೋದರು.

ಪ್ರಶ್ನೆ: ಭಾರತೀಯರು ಯಾರಾದರೂ ಅಮೆರಿಕದ ಅಂಡಾಕಾರದ ಟ್ರ್ಯಾಕಿನಲ್ಲಿ ಓಡಿಸಿದ್ದಾರೆಯೇ?

ಉತ್ತರ: ಕೊಯಮತ್ತೂರಿನ ನರೇನ್ ಕಾರ್ತಿಕೇಯನ್, 2010ರಲ್ಲಿ, ನಾಸ್ಕಾರ್ ಟ್ರಕ್ ಸರಣಿಯಲ್ಲಿ.

ಪ್ರಶ್ನೆ: ಆ ಕಾರುಗಳು ಮೆಥನಾಲ್ ಕುಡಿಯುತ್ತಿದ್ದವಂತೆ. ನನ್ನ ಬೈಕಿನ ಪೆಟ್ರೋಲಿಗೆ ಬೆರೆಸಲು ಅಂಗಡಿಯವರು ‘ರೇಸಿಂಗ್ ದ್ರವ’ ಎಂದು ಒಂದು ಬಾಟಲಿ ಕೊಟ್ಟಿದ್ದಾರೆ. ಹಾಕಲೇ?

ಉತ್ತರ: ಬೇಡ. ಒಂದು ಪಾಲು ಪೆಟ್ರೋಲ್ ಉರಿಯುವಷ್ಟೇ ಗಾಳಿಗೆ ಮೆಥನಾಲ್ ಎರಡು ಪಾಲಿಗಿಂತ ಹೆಚ್ಚು ಬೇಕು. ನಿಮ್ಮ ಬೈಕಿನ ಇಂಧನ ವ್ಯವಸ್ಥೆ ಅದಕ್ಕೆ ಮಾಡಿದ್ದಲ್ಲ. ಅದು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ರಬ್ಬರನ್ನು ಹಾಳು ಮಾಡುತ್ತದೆ, ಚರ್ಮದ ಮೂಲಕವೂ ಮೈಗೆ ಇಳಿಯುವ ವಿಷ. ಹೊತ್ತಿಕೊಂಡರೆ ಹಗಲಿನಲ್ಲಿ ಜ್ವಾಲೆ ಕಾಣುವುದಿಲ್ಲ. 1981ರಲ್ಲಿ ಇಂಡಿಯಾನಾಪೊಲಿಸ್ ಪಿಟ್‌ನಲ್ಲಿ ರಿಕ್ ಮಿಯರ್ಸ್ ಉರಿಯುತ್ತಿದ್ದಾಗ ಅವರಿಗೆ ಬೆಂಕಿ ಹತ್ತಿದೆ ಎಂಬುದೇ ಸುತ್ತಲಿನವರಿಗೆ ತಕ್ಷಣ ತಿಳಿಯಲಿಲ್ಲ. ಬಾಟಲಿಯ ಮೇಲೆ ಏನಿದೆ ಎಂದು ಬರೆದಿಲ್ಲದಿದ್ದರೆ ಮುಚ್ಚಳವನ್ನೇ ತೆರೆಯಬೇಡಿ. ತಂದ ಅಂಗಡಿಗೇ ಹಿಂದಿರುಗಿಸಿ.

ಪ್ರಶ್ನೆ: ರೋಲ್ ಬಾರ್ ಜೀವ ಉಳಿಸುತ್ತದೆ ಎಂದು ಹಿಂದೆ ಬರೆದಿದ್ದಿರಿ. ಹಾಗಾಗಿ ದಿನಬಳಕೆಯ ಕಾರಿನೊಳಗೆ ಗ್ಯಾರೇಜಿನಲ್ಲಿ ಉಕ್ಕಿನ ಪೈಪಿನ ಪಂಜರ ಬೆಸುಗೆ ಹಾಕಿಸಿದ್ದೇನೆ. ಸರಿಯೇ?

ಉತ್ತರ: ನಾನು ಬರೆದದ್ದು ಹೆಲ್ಮೆಟ್ ಹಾಕಿ, ಐದಾರು ಪಟ್ಟಿಗಳಲ್ಲಿ ಸೀಟಿಗೆ ಕಟ್ಟಿಕೊಂಡು ಕೂರುವವರಿಗೆ. ನೀವು ಬರಿದಲೆಯಲ್ಲಿ ಕಚೇರಿಗೆ ಹೋಗುವವರು. ಸಣ್ಣ ಡಿಕ್ಕಿಯಾದರೂ ನಿಮ್ಮ ತಲೆ ಮೊದಲು ಬಡಿಯುವುದು ಆ ಪೈಪಿಗೆ. ಪಕ್ಕದ ಏರ್‌ಬ್ಯಾಗ್ ಬಿಚ್ಚಿಕೊಳ್ಳಲು ಅದೇ ಅಡ್ಡಿಯಾಗಬಹುದು. ನಾಳೆಯೇ ತೆಗೆಸಿ. ಬೆಸುಗೆ ಹಾಕಿದ ಜಾಗಗಳನ್ನು ಕಂಪನಿಯ ಬಾಡಿ ವಿಭಾಗದವರಿಗೆ ತೋರಿಸಿ. ಅಲ್ಲಿಯವರೆಗೆ ಹಿಂದಿನ ಸೀಟಿನಲ್ಲಿ ಮಕ್ಕಳನ್ನು ಕೂರಿಸಬೇಡಿ.